ನೋವನ್ನು ಕೇಳಿದವರ ಕಥೆ

ಕಳೆದ ಆಷಾಢದ ಒಂದು ಸಂಜೆ, ಹೊರಗೆ ಜಡಿಮಳೆ ಹೊಯ್ಯುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಡೆ ಮಡಚುತ್ತ ನಮ್ಮ ಮನೆಯ ಜಗಲಿಯನ್ನೇರಿದ. ಹಿಂದೆ ಪದವಿಪೂರ್ವ ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡವನು; ಈಗ ಡಾಕ್ಟರಾಗಿ, ದೂರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆಯ ವಿಷಯದಲ್ಲಿ ಹೆಚ್ಚಿನ ವ್ಯಾಸಂಗ ನಡೆಸಿದ್ದಾನೆ. ಅವನ ಚೀಲದಲ್ಲಿ ಮಳೆಗೆ ನೆನೆಯದಂತೆ ಜೋಪಾನವಾಗಿ ಸುತ್ತಿಟ್ಟ ಎರಡು ಹಾಳೆಗಳಿದ್ದುವು.

"ಸಾರ್, ಇದರ ಕನ್ನಡವನ್ನೊಮ್ಮೆ ನೋಡಿಕೊಡಬೇಕು" ಎಂದ.

ಸ್ತನದ ಗಡ್ಡೆಗೆ ಶಸ್ತ್ರಕ್ರಿಯೆಯಾದ ಹೆಂಗಸರಿಗೆ ಅನಂತರ ಉಂಟಾಗುವ ನೋವನ್ನು ಯಾವ ಉಪಾಯದಿಂದ ಹೆಚ್ಚು ಚೆನ್ನಾಗಿ ತಗ್ಗಿಸಬಹುದು ಎಂಬುದು ಅವನ ಪ್ರಬಂಧದ ವಿಷಯ. ರೋಗಿಗಳಲ್ಲಿ ಅರ್ಧ ಮಂದಿಗೆ ವಾಡಿಕೆಯ ಮದ್ದು. ಇನ್ನರ್ಧ ಮಂದಿಗೆ ಅದರ ಜೊತೆಗೆ, ಎದೆಯ ನರಗಳ ಬಳಿಗೆ ಒಂದು ಸೂಜಿಮದ್ದು. ಯಾರಿಗೆ ಯಾವುದು ಎಂಬುದು ಡಾಕ್ಟರ ಇಚ್ಛೆಯಲ್ಲ, ಅದೃಷ್ಟದ ಪಾಲು. ಇದನ್ನೆಲ್ಲ ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯುವ ಪತ್ರ ಮೊದಲನೆಯ ಹಾಳೆ. ಎರಡನೆಯದರಲ್ಲಿ ಉದ್ದಕ್ಕೆ ಒಂದು ಗೆರೆ. ಒಂದು ತುದಿಯಲ್ಲಿ ಸೊನ್ನೆ, ಇನ್ನೊಂದು ತುದಿಯಲ್ಲಿ ಹತ್ತು. ಸೊನ್ನೆಯೆಂದರೆ ನೋವೇ ಇಲ್ಲ; ಹತ್ತೆಂದರೆ ಊಹಿಸಬಹುದಾದ ಪರಮಾವಧಿ ನೋವು. ರೋಗಿ ತನ್ನ ನೋವು ಎಷ್ಟನೆಯ ಮನೆಯಲ್ಲಿದೆಯೆಂದು ಹೇಳಬೇಕು.

ಒಪ್ಪಿಗೆ ಪತ್ರದಲ್ಲಿ "ಯಾದೃಚ್ಛಿಕ ಹಂಚಿಕೆ" ಎಂದು ಬರೆದಿದ್ದಿತು. "ಇದು ಯಾರಿಗಯ್ಯ ತಿಳಿದೀತು? ಚೀಟಿ ಎತ್ತಿದ ಹಾಗೆ ಎಂದು ಬರೆ" ಎಂದೆ. ಅವನು ನಕ್ಕು ತಿದ್ದಿಕೊಂಡ. ಹೀಗೆ ಒಂದೊಂದೇ ಮಾತನ್ನು ನೆಲಕ್ಕಿಳಿಸುತ್ತ ಗೆರೆಯ ಹಾಳೆಗೆ ಬಂದಾಗ ಮಾತ್ರ ನನ್ನ ಪೆನ್ಸಿಲು ನಿಂತುಬಿಟ್ಟಿತು. ನಮ್ಮ ಕಡೆಯ ಹೆಂಗಸರು ತಮ್ಮ ನೋವಿಗೆ ಅಂಕ ಕೊಡುವುದುಂಟೆ? ನನಗೆ ದೊಡ್ಡತ್ತೆಯ ನೆನಪಾಯಿತು.

ಒಂದು ಹಳೆಯ ನೆನಪು

ದೊಡ್ಡತ್ತೆ ನಮ್ಮ ತಂದೆಯ ಅಕ್ಕ. ಅವರ ಮನೆ ಮರವಂತೆಯ ಆಚೆ, ಸೌಪರ್ಣಿಕಾ ಹೊಳೆಯ ಬದಿಯಲ್ಲಿ. 1988ರಲ್ಲಿ ಅವರ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಎಷ್ಟೋ ತಿಂಗಳ ಕಾಲ ಅದನ್ನು ಯಾರಿಗೂ ಹೇಳದೆ, ತಾವೇ ಅರೆದು ಹಚ್ಚಿಕೊಂಡ ನಾಟಿ ಮದ್ದಿನಲ್ಲಿ ದಿನ ದೂಡಿದರು. ಕೊನೆಗೆ ಸೆರಗಿನ ಮೇಲೆ ರಸಿಕೆ ಕಂಡಾಗಲೇ ಮನೆಯವರಿಗೆ ಗೊತ್ತಾದುದು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಆಗ ನನಗೆ ಎಂಟು ವರ್ಷ. ಅಮ್ಮ ಅತ್ತೆಯ ಆರೈಕೆಗೆ ನಿಂತಿದ್ದರಿಂದ ನಾನೂ ಹಗಲೆಲ್ಲ ಅಲ್ಲಿಯೇ ಇರುತ್ತಿದ್ದೆ. ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದ ಅತ್ತೆಯನ್ನು "ನೋಯ್ತಾ ಅತ್ತೆ?" ಎಂದು ಕೇಳಿದೆ. ಅವರು ತಿರುಗಿ, ನಗಲು ಹೋಗಿ, "ಎಂತದೂ ಇಲ್ಲ ಮಗಾ. ನೋವ್ ಹೇಳುದಲ್ಲ, ತಡ್ಕಂಬ್ದ್" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಕಲ್ಲಿನ ಬರಹದಂತೆ ಕುಳಿತುಬಿಟ್ಟಿತು. ಮುಂದೆ ನಾನು ಕನ್ನಡ ಅಧ್ಯಾಪಕನಾಗಿ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ಪಾಠ ಹೇಳುವಾಗಲೆಲ್ಲ ದೊಡ್ಡತ್ತೆಯನ್ನು ಉದಾಹರಿಸುತ್ತಿದ್ದೆ. ಆಸನದ ಮೇಲೆ ಬಿದ್ದ ಸಾಸಿವೆ ಕಾಳು ಒತ್ತಿದರೂ ಸಹಿಸಲಾರದಿದ್ದ ಸುಕುಮಾರ, ತಪಸ್ಸಿಗೆ ನಿಂತ ಮೇಲೆ ನರಿಗಳು ಮೈಯನ್ನು ತಿನ್ನುತ್ತಿದ್ದರೂ ಅಲುಗಲಿಲ್ಲ. ಅದೇ ಗ್ರಂಥದ ಸನತ್ಕುಮಾರ ಚಕ್ರವರ್ತಿ, ಮೈತುಂಬ ರೋಗಗಳಿದ್ದರೂ, ವೈದ್ಯರ ವೇಷದಲ್ಲಿ ಬಂದ ದೇವತೆಗಳ ಮದ್ದನ್ನು ಒಲ್ಲೆನೆಂದ. "ಸಾವಿರ ವರ್ಷದ ಹಿಂದಿನ ಕಥೆಯಲ್ಲ ಇದು, ನಮ್ಮ ಮನೆಗಳಲ್ಲೇ ಇಂಥವರಿದ್ದಾರೆ" ಎಂದು ಹೇಳುವಾಗ ತರಗತಿ ನಿಶ್ಶಬ್ದವಾಗುತ್ತಿದ್ದಿತು. ಅಧ್ಯಾಪಕನಿಗೆ ಅದಕ್ಕಿಂತ ಹೆಚ್ಚಿನ ಬಹುಮಾನ ಬೇರೆ ಬೇಕೆ?

ಆ ರಾತ್ರಿ ವಿದ್ಯಾರ್ಥಿ ಹೊರಟುಹೋದ ಮೇಲೆ, ಈ ಗೆರೆ ಎಲ್ಲಿಂದ ಬಂದಿತು, ನೋವನ್ನು ಕೇಳುವ ಅಭ್ಯಾಸ ವೈದ್ಯರಿಗೆ ಯಾವಾಗ ಹತ್ತಿತು ಎಂಬ ಕುತೂಹಲ ನನ್ನನ್ನು ಹಿಡಿಯಿತು. ಕೆಲವು ವಾರ ಅದರ ಬೆನ್ನುಹತ್ತಿ ಓದಿದೆ. ಓದಿದುದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಹೆಸರಿನೊಳಗಿನ ಚರಿತ್ರೆ

ಭಾಷೆಯವನಾದ ನಾನು ಹೆಸರುಗಳಿಂದಲೇ ಹೊರಡುವುದು ಸಹಜ. ಸುಶ್ರುತ ಸಂಹಿತೆಯಲ್ಲಿ ಗಡ್ಡೆಗೆ "ಅರ್ಬುದ" ಎಂದು ಹೆಸರು. ದುಂಡಗೆ, ಅಲುಗದೆ, ನಿಧಾನವಾಗಿ ಬೆಳೆಯುವ, ಕೀವಾಗದ, ಮೊದಮೊದಲು ಅಷ್ಟಾಗಿ ನೋಯದ ಬೆಳವಣಿಗೆ ಎಂಬ ಅಲ್ಲಿನ ವಿವರಣೆ ಇಂದಿಗೂ ಸೋಜಿಗ ಹುಟ್ಟಿಸುತ್ತದೆ. "ಗ್ರಂಥಿ" ತದ್ಭವವಾಗಿ "ಗಂಥಿ"ಯಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯ ಕನ್ನಡ ಹೆಸರಿನಲ್ಲಿ ಅದು ಉಳಿದುಕೊಂಡಿದೆ. ಗ್ರೀಕರು ಈ ರೋಗವನ್ನು ಏಡಿಯ ಹೆಸರಿನಿಂದ ಕರೆದರು. ಕ್ಯಾನ್ಸರ್ ಎಂಬ ಲ್ಯಾಟಿನ್ ಮಾತಿಗೂ ಏಡಿಯೆಂದೇ ಅರ್ಥ. ಕಡಲ ಬದಿಯ ನಮಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಡಿ ಕಚ್ಚಿಕೊಂಡರೆ ಕೊಂಡಿ ಮುರಿದರೂ ಬಿಡಿಸುವುದು ಕಷ್ಟ.

ನೋವನ್ನು ಮರೆಸುವ ವಿದ್ಯೆಗೆ ಕನ್ನಡದಲ್ಲಿ "ಅರಿವಳಿಕೆ" ಎಂಬ ಸುಂದರವಾದ ಮಾತಿದೆ. ಅರಿವು ಅಳಿಯುವುದು ಅರಿವಳಿಕೆ. ಆದರೆ ಮಾತಿನ ಮಿತಿಯೂ ಅಲ್ಲೇ ಇದೆ. ಅರಿವು ಅಳಿದಿರುವಷ್ಟು ಹೊತ್ತಿನ ಕಥೆಯಾಯಿತು. ಅರಿವು ಮರಳಿದ ಮೇಲೆ? ಶಸ್ತ್ರವೈದ್ಯರು ಕೈ ತೊಳೆದು ಹೊರಟ ಮೇಲೆ, ದೀಪ ಸಣ್ಣದು ಮಾಡಿದ ವಾರ್ಡಿನಲ್ಲಿ ರಾತ್ರಿಯನ್ನು ಕಳೆಯಬೇಕಾದವನ ಪಾಡೇನು? ಆ ರಾತ್ರಿಗೆ ಬಹಳ ಕಾಲ ಹೆಸರೂ ಇರಲಿಲ್ಲ, ಶಾಸ್ತ್ರವೂ ಇರಲಿಲ್ಲ.

ಮದಿರೆಯಿಂದ ಈಥರಿನವರೆಗೆ

ಶಸ್ತ್ರದ ಏಟು ತಿಳಿಯದಿರಲೆಂದು ರೋಗಿಗೆ ಮುಂಚಿತವಾಗಿ ಮದ್ಯ ಕುಡಿಸಬೇಕೆಂದು ಸುಶ್ರುತ ಹೇಳಿದ್ದಾನೆ. ಅಲ್ಲಿಂದ ಎಷ್ಟೋ ಶತಮಾನ ಕಳೆದರೂ ಯೂರೋಪಿನ ವೈದ್ಯರ ಬಳಿ ಅದಕ್ಕಿಂತ ಹೆಚ್ಚಿನ ಉಪಾಯವಿರಲಿಲ್ಲ. 1811ರಲ್ಲಿ ಪ್ಯಾರಿಸಿನಲ್ಲಿ ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿಯ ಸ್ತನವನ್ನು ಗಡ್ಡೆಗಾಗಿ ತೆಗೆದರು. ಕತ್ತಿ ಹಿಡಿದವನು ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ. ಅವಳಿಗೆ ಕೊಟ್ಟುದು ಒಂದಿಷ್ಟು ಮದ್ಯ ಮಾತ್ರ. ಅವಳು ಆಮೇಲೆ ತನ್ನ ಸಹೋದರಿಗೆ ಆ ದಿನದ ಸಂಗತಿಯನ್ನು ಪತ್ರದಲ್ಲಿ ಬರೆದಳು. ತಿಂಗಳುಗಟ್ಟಲೆ ಅದನ್ನು ಬರೆಯಲಾರದೆ, ಬರೆದುದನ್ನು ಮತ್ತೆ ಓದಲಾರದೆ ಒದ್ದಾಡಿದಳಂತೆ. ಅವಳು 1840ರವರೆಗೆ ಬದುಕಿದಳು. ಗಡ್ಡೆ ಹೋಯಿತು, ನೋವಿನ ನೆನಪು ಹೋಗಲಿಲ್ಲ.

ಇನ್ನು ನಮ್ಮ ದೇಶದ ಒಂದು ವಿಚಿತ್ರ ಅಧ್ಯಾಯ. ಆನೆಕಾಲು ರೋಗ ಕರಾವಳಿಗೆ ಹೊಸದಲ್ಲ, ಬಂಗಾಲದಲ್ಲಿಯೂ ಹಾಗೆಯೇ. ಆ ರೋಗದಿಂದ ಕೆಲವು ಗಂಡಸರಿಗೆ ಕೆಳಹೊಟ್ಟೆಯ ಕೆಳಗೆ ಕುಂಬಳಕಾಯಿಯಂಥ ಭಾರದ ಗಡ್ಡೆಗಳು ಬೆಳೆಯುತ್ತಿದ್ದುವು. ಹೂಗ್ಲಿಯಲ್ಲಿದ್ದ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ವೈದ್ಯ 1845ರ ಏಪ್ರಿಲಿನಲ್ಲಿ ಒಬ್ಬ ಕೈದಿಯ ಮೇಲೆ ಮೆಸ್ಮರಿಸಂ, ಎಂದರೆ ಸಮ್ಮೋಹನವನ್ನು, ಪ್ರಯೋಗಿಸಿ ನೋಡಿದ. ಅನಂತರ ಅದೇ ಉಪಾಯದಿಂದ ಎಷ್ಟೋ ದೊಡ್ಡ ಗಡ್ಡೆಗಳನ್ನು ರೋಗಿ ಕೂಗದಂತೆ ತೆಗೆದೆನೆಂದು ವರದಿ ಮಾಡಿದ. ಸರಕಾರ ಒಂದು ಸಮಿತಿ ನೇಮಿಸಿ ಪರೀಕ್ಷಿಸಿತು. ಕಲ್ಕತ್ತೆಯಲ್ಲಿ ಅವನಿಗೊಂದು ಸಣ್ಣ ಆಸ್ಪತ್ರೆಯನ್ನೂ 1846ರಲ್ಲಿ ಕೊಟ್ಟಿತು. ಆ ಕೈದಿಯ ಒಪ್ಪಿಗೆಯನ್ನು ಕೇಳುವ ಯೋಚನೆ ಆ ಕಾಲದವರಿಗೆ ಹೊಳೆದಿರಲಾರದು. ನನ್ನ ವಿದ್ಯಾರ್ಥಿಯ ಕೈಯಲ್ಲಿದ್ದ ಮೊದಲನೆಯ ಹಾಳೆ ಹುಟ್ಟಲು ಇನ್ನೂ ನೂರು ವರ್ಷ ಬೇಕಾಗಿದ್ದಿತು.

ಅದೇ 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಆವಿಯನ್ನು ಮೂಸಿಸಿದ. ಜಾನ್ ವಾರನ್ ಎಂಬ ಹಿರಿಯ ವೈದ್ಯ ಕತ್ತಿ ಆಡಿಸಿದ. ಜಗತ್ತು ಇಂದಿಗೂ ನೆನೆಯುವ ಆ ಮೊದಲ ಬಹಿರಂಗ ಪ್ರಯೋಗದಲ್ಲಿ ತೆಗೆದುದು ಕತ್ತಿನ ಒಂದು ಗಡ್ಡೆ. ಗಡ್ಡೆಯ ಚಿಕಿತ್ಸೆಯ ಚರಿತ್ರೆಯೂ ನೋವಿನ ಚರಿತ್ರೆಯೂ ಹೀಗೆ ಒಂದೇ ಮೇಜಿನ ಮೇಲೆ ಸೇರಿದುವು. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂದಿತು. ಎಸ್ಡೇಲನ ಸಮ್ಮೋಹನ ಮೂಲೆಗೆ ಸರಿಯಿತು.

ಒಳಗನ್ನು ಕಾಣುವ ಕಣ್ಣು

ಕೊಯ್ಯದೆ ಒಳಗನ್ನು ನೋಡುವ ವಿದ್ಯೆ ಅನಂತರದ್ದು. 1895ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದ ರಾಂಟ್ಜೆನ್ ಒಂದು ಹೊಸ ಕಿರಣವನ್ನು ಕಂಡ. ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದ. ಅದರ ಸ್ವಭಾವ ತಿಳಿಯದಿದ್ದುದರಿಂದ ಬೀಜಗಣಿತದ ಅಜ್ಞಾತ ಸಂಖ್ಯೆಯಂತೆ ಅದಕ್ಕೆ ಎಕ್ಸ್ ಎಂದು ಹೆಸರಿಟ್ಟ. ನಮ್ಮವರು ಅದನ್ನು "ಕ್ಷ-ಕಿರಣ" ಎಂದರು. ಈ ಕಣ್ಣು ಪುಕ್ಕಟೆಯಾಗಿ ದೊರೆಯಲಿಲ್ಲ. ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ ಕಿರಣಕ್ಕೆ ಕೈಯೊಡ್ಡಿ ಒಡ್ಡಿ ಹುಣ್ಣಾಗಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ಕ್ಯಾನ್ಸರಿನಿಂದ ಸತ್ತ. ಹೀಗೆ ಸತ್ತವರ ನೆನಪಿಗೆ ಹ್ಯಾಂಬರ್ಗಿನಲ್ಲಿ 1936ರಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದರು. ಗಡ್ಡೆಯನ್ನು ತೋರಿಸುವ ಕಿರಣವೇ ಗಡ್ಡೆಯನ್ನು ಹುಟ್ಟಿಸಲೂಬಲ್ಲುದು, ಸುಡಲೂಬಲ್ಲುದು ಎಂಬ ಪಾಠವನ್ನು ಲೋಕ ಹೀಗೆ ಕಲಿಯಿತು.

ಗಂಗೊಳ್ಳಿಯ ಬಂದರಿಗೆ ಹೋದವರು ದೋಣಿಗಳಲ್ಲಿ ಮೀನಿನ ಹಿಂಡನ್ನು ಪತ್ತೆಹಚ್ಚುವ ಯಂತ್ರವನ್ನು ನೋಡಿರಬಹುದು. ಕಿವಿಗೆ ಕೇಳಿಸದ ಶಬ್ದವನ್ನು ನೀರಿನೊಳಕ್ಕೆ ಕಳಿಸಿ, ಮರುದನಿ ಬರುವುದನ್ನು ಕಾದು, ಕೆಳಗೆ ಏನಿದೆಯೆಂದು ಅದು ಚಿತ್ರಿಸುತ್ತದೆ. ಅದೇ ತತ್ತ್ವವನ್ನು ಮನುಷ್ಯನ ಹೊಟ್ಟೆಗೆ ಅನ್ವಯಿಸಿದವರಲ್ಲಿ ಪ್ರಮುಖನು ಗ್ಲಾಸ್ಗೋದ ಇಯಾನ್ ಡೊನಾಲ್ಡ್. ಬಾಯ್ಲರುಗಳ ಲೋಹದಲ್ಲಿ ಬಿರುಕನ್ನು ಹುಡುಕುವ ಕಾರ್ಖಾನೆಯ ಯಂತ್ರದ ಮುಂದೆ ಆತ 1955ರಲ್ಲಿ, ಕೊಯ್ದು ತೆಗೆದ ಗಡ್ಡೆಗಳನ್ನಿಟ್ಟು ಪರೀಕ್ಷೆ ಮಾಡಿದ. ಹೊಟ್ಟೆಯ ಕ್ಯಾನ್ಸರು, ಇನ್ನು ಉಪಾಯವಿಲ್ಲವೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯೊಳಗೆ ಈ ಮರುದನಿ ಅಂಡಾಶಯದ ನೀರುಗಡ್ಡೆಯೊಂದನ್ನು ತೋರಿಸಿಕೊಟ್ಟಿತು. ಅದನ್ನು ತೆಗೆದರು, ಅವಳು ಬದುಕಿಕೊಂಡಳು. 1958ರಲ್ಲಿ ಆತನ ಲೇಖನ ಪ್ರಕಟವಾಯಿತು. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಮೊತ್ತಮೊದಲು ನೋಡಿದುದೂ ಮೆದುಳಿನ ಗಡ್ಡೆಯ ಸಂಶಯವಿದ್ದ ಒಬ್ಬ ಹೆಂಗಸನ್ನೇ.

ವಿದ್ಯಾರ್ಥಿ ಹೇಳಿದಂತೆ, ಈಗ ಈ ಶಬ್ದದ ಕಣ್ಣು ಗಡ್ಡೆಯನ್ನು ಹುಡುಕುವುದಕ್ಕೆ ಮಾತ್ರವಲ್ಲದೆ ನೋವನ್ನು ತಡೆಯುವುದಕ್ಕೂ ನೆರವಾಗುತ್ತದೆ. ಎದೆಯ ಸ್ನಾಯುಗಳ ಪದರಗಳ ನಡುವೆ ಸೂಜಿಯ ಮೊನೆ ಎಲ್ಲಿದೆಯೆಂದು ಪರದೆಯ ಮೇಲೆ ನೋಡುತ್ತಲೇ ನರಗಳನ್ನು ಮರಗಟ್ಟಿಸುವ ಮದ್ದನ್ನು ಬಿಡಬಹುದು. ಬ್ಲಾಂಕೊ ಎಂಬ ವೈದ್ಯ 2011ರಲ್ಲಿ ಇಂಥ ಒಂದು ಕ್ರಮವನ್ನು ವಿವರಿಸಿದ. ವಿದ್ಯಾರ್ಥಿಯ ಪ್ರಬಂಧ ಆ ದಾರಿಯದು.

ನಮ್ಮ ಜನ ನಡೆದ ದಾರಿ

ಇಷ್ಟೆಲ್ಲ ನಡೆಯುತ್ತಿದ್ದಾಗ ಕುಂದಾಪುರದವರ ಗತಿಯೇನಾಗಿದ್ದಿತು? 1956ರವರೆಗೆ ನಾವು ಮದ್ರಾಸಿಗೆ ಸೇರಿದವರು. ಮದ್ರಾಸಿನ ದೊಡ್ಡಾಸ್ಪತ್ರೆಯಲ್ಲಿ ಕಿರಣ ಚಿಕಿತ್ಸೆಯ ಬರ್ನಾರ್ಡ್ ಸಂಸ್ಥೆ 1934ರಲ್ಲಿ ತೆರೆಯಿತು. ತಂಗಿಯನ್ನು ಕ್ಯಾನ್ಸರಿಗೆ ಬಲಿಕೊಟ್ಟ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ 1954ರಲ್ಲಿ ಹನ್ನೆರಡು ಹಾಸಿಗೆಗಳಿಂದ ಆರಂಭವಾಯಿತು. ಆದರೆ ಪಂಚಗಂಗಾವಳಿಯ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಕಾಲದಲ್ಲಿ ಮದ್ರಾಸೆಂಬುದು ಕಾಶಿಯಷ್ಟೇ ದೂರ. ಹತ್ತಿರದಲ್ಲಿ ಇದ್ದುದು ಮಂಗಳೂರಿನ ಆಸ್ಪತ್ರೆಗಳು ಮತ್ತು ಉಡುಪಿಯಲ್ಲಿ ಸ್ವಿಟ್ಸರ್ಲೆಂಡಿನ ಡಾ. ಎವಾ ಲೊಂಬಾರ್ಡ್ 1923ರಲ್ಲಿ ತೊಡಗಿಸಿದ ಮಿಷನ್ ಆಸ್ಪತ್ರೆ. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆಯೇ ನಮ್ಮ ಕಡೆಯವರಿಗೆ ದೊಡ್ಡ ವೈದ್ಯವಿದ್ಯೆ ಮನೆಯ ಬಾಗಿಲಿಗೆ ಬಂದುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು; 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು.

ಇದಕ್ಕೆಲ್ಲ ಮೊದಲು, ಮತ್ತು ಇದರ ಜೊತೆಜೊತೆಗೇ, ಇನ್ನೊಂದು ದಾರಿಯಿದ್ದಿತು: ಮುಂಬಯಿ. ಕುಂದಾಪುರದ ಹುಡುಗರು ಹೋಟೆಲು ಕೆಲಸಕ್ಕೆ ಹೋದ ಊರು. ಯಾವುದಾದರೂ ಹೋಟೆಲಿನಲ್ಲಿ ನಮ್ಮವನೊಬ್ಬ ಇದ್ದೇ ಇರುತ್ತಿದ್ದುದರಿಂದ, ರೋಗಿಗೆ ತಂಗಲು ಒಂದು ಚಾಪೆಯಷ್ಟು ಜಾಗ, ಒಂದು ಲೋಟ ಗಂಜಿ ಸಿಕ್ಕೀತೆಂಬ ಭರವಸೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು ನಮ್ಮ ಹಳ್ಳಿಗಳಿಗೂ ಗೊತ್ತಾದುದು ಹೀಗೆ. ಆ ಆಸ್ಪತ್ರೆಗೂ ಕನ್ನಡನಾಡಿಗೂ ಒಂದು ನಂಟಿದೆ. ದೊರಾಬ್ಜಿ ಟಾಟಾರ ಪತ್ನಿ ಮೆಹರ್‌ಬಾಯಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಭಾಭಾ ಅವರ ಮಗಳು. ಬಾಲ್ಯವನ್ನು ಈ ನಾಡಿನಲ್ಲಿ ಕಳೆದಾಕೆ. 1931ರಲ್ಲಿ ಆಕೆ ರಕ್ತದ ಕ್ಯಾನ್ಸರಿನಿಂದ ಪರದೇಶದಲ್ಲಿ ತೀರಿಕೊಂಡರು. ಅಂಥ ಚಿಕಿತ್ಸೆ ನಮ್ಮ ದೇಶದಲ್ಲಿಯೇ ದೊರೆಯಬೇಕೆಂಬ ಸಂಕಲ್ಪ ಮುಂದೆ ಫಲಿಸಿ, 1941ರ ಫೆಬ್ರವರಿ 28ರಂದು ಆಸ್ಪತ್ರೆ ತೆರೆಯಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಾಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಮೆಹರ್‌ಬಾಯಿಯವರ ಸೋದರಳಿಯ ಹೋಮಿ ಭಾಭಾ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ, ಎರಡು ಹಗಲು ಒಂದು ರಾತ್ರಿ ಮೈ ನುಗ್ಗಾಗುವ ಬಸ್ಸಿನ ಪ್ರಯಾಣ ತಪ್ಪಿ, ರೋಗಿ ಮಲಗಿಕೊಂಡೇ ಹೋಗುವಂತಾಯಿತು.

ಎಷ್ಟು ಕೊಯ್ಯಬೇಕು?

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತನ ಕ್ಯಾನ್ಸರಿಗೆ ಒಂದು ಘೋರವಾದ ಕ್ರಮವನ್ನು ರೂಢಿಗೆ ತಂದ. ಸ್ತನ, ಅದರ ಕೆಳಗಿನ ಸ್ನಾಯು, ಕಂಕುಳ ಗಂಟುಗಳು ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕೆಂಬುದು ಅವನ ಮತ. ಇದೇ ಮನುಷ್ಯ 1884-85ರಲ್ಲಿ ಕೊಕೇನನ್ನು ನರಗಳ ಬಳಿ ಚುಚ್ಚಿ ಮರಗಟ್ಟಿಸುವ ಪ್ರಯೋಗಗಳನ್ನು ತನ್ನ ಮೈಮೇಲೆಯೇ ನಡೆಸಿ, ಅದರ ಚಟಕ್ಕೆ ಬಿದ್ದು ಬಾಳನ್ನೇ ಕೆಡಿಸಿಕೊಂಡವನು. ನೋವನ್ನು ತಡೆಯುವ ಸೂಜಿಯ ದಾರಿಯನ್ನು ತೆರೆದವನೂ ಅವನೇ, ಹೆಂಗಸರ ಮೈಗೆ ಅತಿ ದೊಡ್ಡ ಗಾಯವನ್ನು ವಿಧಿಸಿದವನೂ ಅವನೇ.

ದೊಡ್ಡ ಗಾಯದಿಂದ ನಿಜವಾಗಿ ಲಾಭವಿದೆಯೇ ಎಂದು ಕೇಳುವ ಧೈರ್ಯ ಬರಲು ಮುಕ್ಕಾಲು ಶತಮಾನ ಹಿಡಿಯಿತು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್ 1971ರಿಂದಲೂ ಮತ್ತೆ 1976ರಿಂದಲೂ ಎರಡು ದೊಡ್ಡ ಪರೀಕ್ಷೆಗಳನ್ನು ನಡೆಸಿದ. ಇಲ್ಲಿಯೂ ಚೀಟಿ ಎತ್ತಿದ ಹಾಗೆಯೇ ಹಂಚಿಕೆ. ತಕ್ಕ ರೋಗಿಗಳಲ್ಲಿ ಗಡ್ಡೆಯನ್ನಷ್ಟೇ ತೆಗೆದು ಕಿರಣ ಚಿಕಿತ್ಸೆ ಕೊಟ್ಟರೂ ಬದುಕುವವರ ಪ್ರಮಾಣ ಕಡಿಮೆಯಾಗುವುದಿಲ್ಲವೆಂದು 1985ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಸಾವಿರಾರು ಹೆಂಗಸರು ಒಪ್ಪಿ ಚೀಟಿಗೆ ಕೈಯೊಡ್ಡದಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ. ದೊಡ್ಡತ್ತೆಗೆ ಆದುದು ದೊಡ್ಡ ಶಸ್ತ್ರಕ್ರಿಯೆಯೇ. ಗಂಟು ಬಲಿತು ಹುಣ್ಣಾಗಿದ್ದುದರಿಂದ ಸಣ್ಣದರಲ್ಲಿ ಮುಗಿಯುವಂತಿರಲಿಲ್ಲವೇನೋ. 2001ರಲ್ಲಿ ತೀರಿಕೊಳ್ಳುವವರೆಗೆ ಅವರ ಬಲಗೈ ಊದಿಕೊಂಡೇ ಇದ್ದಿತು. ಬಾವಿಯ ಹಗ್ಗವನ್ನು ಎಡಗೈಯಿಂದಲೇ ಜಗ್ಗುತ್ತಿದ್ದರು.

ನಮ್ಮ ದೇಶದಿಂದಲೂ ಈ ಶಾಸ್ತ್ರಕ್ಕೆ ಒಂದು ಕಾಣಿಕೆ ಸಂದಿದೆ. ಟಾಟಾ ಸ್ಮಾರಕದ ಡಾ. ರಾಜೇಂದ್ರ ಬಡವೆ ಮತ್ತು ಅವರ ಜೊತೆಯವರು ದೇಶದ ಹನ್ನೊಂದು ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಸ್ತನದ ಗಡ್ಡೆಯನ್ನು ತೆಗೆಯುವ ಏಳರಿಂದ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಚುಚ್ಚುವುದು. ಹಲ್ಲು ಕೀಳುವಾಗ ಒಸಡಿಗೆ ಹಾಕುವ ಅದೇ ಅಗ್ಗದ ಮದ್ದು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 1,583 ಹೆಂಗಸರ ಲೆಕ್ಕವಿದೆ. ಐದು ವರ್ಷದ ಮೇಲೆ ಬದುಕಿದ್ದವರು, ಮದ್ದು ಹಾಕದವರಲ್ಲಿ ನೂರಕ್ಕೆ 86.4, ಹಾಕಿದವರಲ್ಲಿ ನೂರಕ್ಕೆ 90.1. ಇಲ್ಲಿ ಉದ್ದೇಶ ನೋವನ್ನು ತಡೆಯುವುದಾಗಿರಲಿಲ್ಲ. ಕತ್ತಿ ತಾಗಿದಾಗ ಗಡ್ಡೆಯ ಕಣಗಳು ಕೆರಳಿ ಹರಡುವುದನ್ನು ತಡೆಯಬಹುದೇ ಎಂಬ ಊಹೆ. ಒಂದು ಪರೀಕ್ಷೆಯಿಂದ ಎಲ್ಲ ತೀರ್ಮಾನವಾಗದೆಂಬುದು ನಿಜ. ಆದರೂ ನೋವಿನ ಮದ್ದು ಗಡ್ಡೆಯ ಮದ್ದಿನ ಪಕ್ಕದಲ್ಲಿ ಬಂದು ನಿಂತುದನ್ನು ಓದಿದಾಗ ನನಗೆ ಬಾಸ್ಟನ್ನಿನ ಆ ಮೇಜು ನೆನಪಾಯಿತು.

ನೋವಿನ ನಿಘಂಟು

ಕಡೆಗೆ, ಆ ಗೆರೆಯ ಹಾಳೆಗೆ ಬರೋಣ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ನೋವಿನ ಬಗೆಗೆ ಒಂದು ಹೊಸ ವಿಚಾರ ಮಂಡಿಸಿದರು. ಗಾಯದಿಂದ ಹೊರಟ ಸುದ್ದಿ ನೆಟ್ಟಗೆ ಮೆದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ, ಅದು ಕೆಲವೊಮ್ಮೆ ತೆರೆದು ಕೆಲವೊಮ್ಮೆ ಮುಚ್ಚಿ, ಭಯ, ಚಿಂತೆ, ನಂಬಿಕೆಗಳೂ ಅದರ ಅಗುಳಿಯ ಮೇಲೆ ಕೈಯಾಡಿಸುತ್ತವೆ ಎಂದರು. 1975ರಲ್ಲಿ ಮೆಲ್ಜಾಕ್ ನೋವನ್ನು ಹೇಳಲು ರೋಗಿಗಳು ಬಳಸುವ ಮಾತುಗಳನ್ನೇ ವರ್ಗಮಾಡಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ. ಕನ್ನಡದಲ್ಲಿಯೂ ಆ ಸಂಪತ್ತಿಗೆ ಕೊರತೆಯಿಲ್ಲ: ಉರಿ, ಸೆಳೆತ, ಚುಚ್ಚು, ಕುಟುಕು, ಜುಮ್ಮು, ಸಿಡಿತ, ಬೇನೆ. ಹೇಳಲು ಮಾತುಂಟು, ಹೇಳುವ ರೂಢಿಯಿಲ್ಲ.

ಕೇಳಿದಾಗ ಏನು ತಿಳಿದೀತು? ಡೆನ್ಮಾರ್ಕಿನಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಾಗಿ ಎರಡು ಮೂರು ವರ್ಷ ಕಳೆದಿದ್ದ ಹೆಂಗಸರನ್ನು ವಿಚಾರಿಸಿದಾಗ, ಉತ್ತರ ಕೊಟ್ಟ 3,253 ಮಂದಿಯಲ್ಲಿ 1,543 ಮಂದಿ, ಹತ್ತಿರ ಹತ್ತಿರ ಅರ್ಧ ಮಂದಿ, ಇನ್ನೂ ನೋವಿದೆ ಎಂದರೆಂದು 2009ರಲ್ಲಿ ವರದಿಯಾಯಿತು. ಗಾಯ ಮಾಯ್ದ ಮೇಲೆಯೂ ನೋವು ಉಳಿಯುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಬಳಸುವ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿಸಿಕೊಟ್ಟಿತು. ಆದರೆ ಅದರ ಹಿಂದಿನ ವರ್ಷವೇ ನಮ್ಮಲ್ಲಿ ಮಾದಕ ವಸ್ತುಗಳ ಕಠಿಣ ಕಾನೂನು ಬಂದು, ಪರವಾನಗಿಗಳ ಗೊಂದಲದಲ್ಲಿ ಮಾರ್ಫಿನ್ ರೋಗಿಗಳ ಕೈಗೆಟುಕದಂತಾಯಿತು. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡಿನಲ್ಲಿ ಈ ಗತಿ! 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಗುವವರೆಗೆ ಕೇರಳದ ಡಾ. ಎಂ.ಆರ್. ರಾಜಗೋಪಾಲರಂಥವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ದೊಡ್ಡತ್ತೆ ಮಲಗಿದ್ದ 1988 ಆ ಕತ್ತಲೆಯ ನಡುಭಾಗ.

ಅಮ್ಮನ ಮಾತು

ತಿದ್ದಿದ ಹಾಳೆಗಳ ಒಂದು ಪ್ರತಿ ನನ್ನ ಬಳಿ ಇದ್ದಿತು. ಭಾಷೆ ಸಾಮಾನ್ಯರಿಗೆ ತಿಳಿಯುವಂತಿದೆಯೇ ಎಂದು ಪರೀಕ್ಷಿಸಲು ಒಂದು ಮಧ್ಯಾಹ್ನ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕೇಳುತ್ತಿದ್ದರು. ಸೊನ್ನೆಯಿಂದ ಹತ್ತರ ಗೆರೆಯನ್ನು ವಿವರಿಸಿ, "ದೊಡ್ಡತ್ತೆಯಂಥವರಿಗೆ ಇದು ಪ್ರಯೋಜನವಿಲ್ಲ ಅಲ್ಲವೇ ಅಮ್ಮ? ಅವರು ಹೇಳುವವರೇ ಅಲ್ಲ" ಎಂದೆ.

ಅಮ್ಮನ ಕೈ ನಿಂತಿತು.

"ಹೇಳ್ಲಿಲ್ಲ ಅಂದೇಳಿ ನಿಂಗ್ ಯಾರ್ ಹೇಳಿರ್?"

ನಾನು ಅತ್ತೆ ಅಂದು ಹೇಳಿದ ಮಾತನ್ನು ನೆನಪಿಸಿದೆ.

"ಅದ್ ನಿಂಗ್ ಹೇಳದ್ದ್. ನೀನ್ ಸಣ್ಣವ, ಹೆದರ್ಕಂತೆ ಅಂದೇಳಿ. ನನ್ ಹತ್ರ ದಿನಾ ರಾತ್ರಿ ಹೇಳ್ತಿದ್ರ್. ನನ್ ಕೈ ಹಿಡ್ಕಂಡ್ ಮರ್ಕ್ತಿದ್ರ್. ನಾನ್ ಹೋಯಿ ಅಲ್ಲಿಯರ್ ಹತ್ರ ಹೇಳ್ದೆ. ಆಪರೇಶನ್ ಆದ್ಮೇಲೆ ನೋವ್ ಇಪ್ದೇ ಅಂದ್ರ್. ಕೇಂಬರ್ ಯಾರಿದ್ರ್ ಮಗಾ?"

ನನಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ನಾನು ಮೌನವೆಂದು ಭಾವಿಸಿಕೊಂಡು ಬಂದುದು ಮೌನವಾಗಿರಲಿಲ್ಲ. ಅತ್ತೆ ಹೇಳಿದ್ದರು, ಅಮ್ಮ ಮುಟ್ಟಿಸಿದ್ದರು, ಸುದ್ದಿ ಅಲ್ಲಿಗೇ ನಿಂತಿದ್ದಿತು. ಎಂಟು ವರ್ಷದ ಹುಡುಗನನ್ನು ಸಮಾಧಾನಪಡಿಸಲು ಆಡಿದ ಒಂದು ಸುಳ್ಳನ್ನು ನಾನು ಸಾಹಿತ್ಯದ ಪಾಠವನ್ನಾಗಿ ಮಾಡಿ, ವರ್ಷ ವರ್ಷವೂ ಹೊಸ ಹೊಸ ಮಕ್ಕಳಿಗೆ ಒಪ್ಪಿಸುತ್ತ ಬಂದಿದ್ದೆ. ಅವರಲ್ಲಿ ಎಷ್ಟು ಮಂದಿ ಹುಡುಗಿಯರು ಅದನ್ನು ನಿಜವೆಂದು ಮನೆಗೆ ಒಯ್ದಿದ್ದಾರೋ! ಸುಕುಮಾರಸ್ವಾಮಿಯ ಸಹನೆ ಅವನು ತಾನಾಗಿ ಆರಿಸಿಕೊಂಡುದು; ಅತ್ತೆಯ ಸಹನೆ ಬೇರೆ ದಾರಿಯಿಲ್ಲದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ತಪ್ಪು ನನ್ನದು.

ಸಂಜೆ ವಿದ್ಯಾರ್ಥಿಗೆ ಫೋನು ಮಾಡಿ, ಗೆರೆಯ ಮೇಲೆ ಇನ್ನೊಂದು ವಾಕ್ಯ ಸೇರಿಸಲು ಸಾಧ್ಯವೇ ಎಂದು ಕೇಳಿದೆ. "ನೋವನ್ನು ಹೇಳಿಕೊಳ್ಳುವುದು ತಪ್ಪಲ್ಲ, ನೀವು ಹೇಳಿದರೆ ನಾವು ಕೇಳುತ್ತೇವೆ" ಎಂಬುದು ಆ ವಾಕ್ಯ. ಹೀಗೆ ಬರೆದರೆ ರೋಗಿಗಳ ಉತ್ತರ ಒಂದು ಕಡೆಗೆ ವಾಲಿದಂತಾಗುವುದಿಲ್ಲವೇ ಎಂದು ಅವನಿಗೆ ಮೊದಲು ಅನುಮಾನ. ಎರಡು ಗುಂಪಿಗೂ ಒಂದೇ ಹಾಳೆ ತಾನೆ ಎಂದೆ. ತನ್ನ ಗುರುಗಳನ್ನು ಕೇಳಿ ಹೇಳುತ್ತೇನೆಂದ. ವಾರದ ಮೇಲೆ, ಒಪ್ಪಿದರೆಂದು ಸುದ್ದಿ ಬಂದಿತು.

ಅಮ್ಮನಿಗೆ ತಿಳಿಸಿದಾಗ ಅವರು ಆ ಹಾಳೆಯನ್ನು ಮತ್ತೊಮ್ಮೆ ತರಿಸಿಕೊಂಡು, ಕನ್ನಡಕ ಹಾಕಿ, ಗೆರೆಯ ಮೇಲೆ ಬೆರಳಾಡಿಸುತ್ತ ಹತ್ತರ ತುದಿಗೆ ಹೋದರು. ಹತ್ತರಾಚೆ ಖಾಲಿ ಇದ್ದ ಕಾಗದದ ಮೇಲೂ ಬೆರಳು ಸ್ವಲ್ಪ ದೂರ ಸರಿಯಿತು.

"ನಿನ್ನತ್ತಿದ್ ಇಲ್ಲಿತ್ತ್" ಎಂದರು.